ನೆರಳಿನ ಬಣ್ಣ

ಮೂವತ್ತು ವರ್ಷಗಳ ಕಾಲ ನಾವು ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟೆವು. ಅಮರಕೋಶದಲ್ಲಿ ‘ಛಾಯಾ’ ಶಬ್ದಕ್ಕೆ ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದಿರುವಿಕೆ ಎಂದು ನಾಲ್ಕು ಅರ್ಥಗಳುಂಟು. ಬಿಸಿಲಿಲ್ಲದಲ್ಲಿ ಕಾಂತಿ ಎಲ್ಲಿಯದೆಂದು ಯಾವ ಹುಡುಗನೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಅದನ್ನು ಈ ವಯಸ್ಸಿನಲ್ಲಿ ನಮಗೆ ಕಲಿಸಿದವನು ನಮ್ಮ ಕಿರಿಯ ಮಗ.

ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿನಿಂದ ಚಿತ್ರಗಳನ್ನು ರಚಿಸುವ ಉದ್ಯೋಗದಲ್ಲಿರುವನು. ಎರಡು ವರ್ಷಗಳ ಹಿಂದೆ ದೀಪಾವಳಿಗೆ ರಟ್ಟೀಹಳ್ಳಿಗೆ ಬಂದಾಗ ನಮ್ಮೂರ ಕದಂಬೇಶ್ವರ ದೇವಾಲಯದ ಚಿತ್ರವೊಂದನ್ನು ತೋರಿಸಿದನು. ಕ್ಯಾಮೆರಾದಿಂದ ತೆಗೆದುದಲ್ಲ, ಮೂರು ಗರ್ಭಗುಡಿಗಳ ಆ ಹಳೆಯ ಕಟ್ಟಡವನ್ನು ಯಂತ್ರದೊಳಗೆ ಅಳತೆಯಂತೆ ಕಟ್ಟಿ, ಹಗಲಿನ ಬೆಳಕನ್ನೂ ತಾನೇ ಕೊಟ್ಟಿದ್ದನು. ರಜೆಯ ದಿನಗಳೆಲ್ಲ ಅದಕ್ಕೇ ಹೋಗಿದ್ದವಂತೆ. ನಾವು ಕನ್ನಡಕವೇರಿಸಿ ನೋಡಿ, “ನೆರಳೆಲ್ಲಾ ನೀಲಿ ಹಾಕಿದ ಧೋತರ ಆಗೇದಲ್ಲೋ!” ಎಂದೆವು.

“ಅಪ್ಪಾ, ಬಯಲಾಗಿನ ನೆರಳು ಕರೇದಿರೂದಿಲ್ಲ. ಅದರ ಮ್ಯಾಲೆ ಆಕಾಶದ ಬೆಳಕು ಬಿದ್ದಿರತದ.”

“ಅರವತ್ತು ವರ್ಷ ಬಿಸಿಲು ನೋಡಿದವರಿಗೆ ಹೇಳಬ್ಯಾಡ.”

ಅವನು ಅಲ್ಲಿಯೇ ಕುಳಿತು ನೆರಳನ್ನು ಕಪ್ಪುಮಾಡಿದನು. ನಾವು ಭೇಷ್ ಎಂದೆವು. ಆ ಮೇಲೆ ಅವನು ನಮಗೆ ಯಾವ ಚಿತ್ರವನ್ನೂ ತೋರಿಸಲಿಲ್ಲ.

ಕಳೆದ ತಿಂಗಳು ನಮ್ಮ ಬಲಗಣ್ಣಿನ ಪೊರೆಯನ್ನು ತೆಗೆದರು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಕಪ್ಪು ಕನ್ನಡಕವನ್ನು ತೆಗೆದು ಅಂಗಳದಲ್ಲಿ ಕುಳಿತಿದ್ದೆವು. ಸುಣ್ಣದ ಗೋಡೆಯ ಮೇಲೆ ತುಳಸಿಯ ನೆರಳು ಬಿದ್ದಿತ್ತು. ಬಲಗಣ್ಣಿಗೆ ಅದು ತಿಳಿನೀಲಿ. ಎಡಗಣ್ಣಿಗೆ ಹಳೆಯ ಕಾಗದದ ಕಂದು. ಒಂದೊಂದೇ ಕಣ್ಣನ್ನು ಮುಚ್ಚಿ ನಾಲ್ಕಾರು ಬಾರಿ ನೋಡಿದೆವು, ಮನೆಯವರು ಗಾಬರಿಯಾದರು. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಯಾಗಿ ನೀಲಿಯನ್ನು ತಡೆಯುವುದೆಂದು ವೈದ್ಯರು ತಿಳಿಸಿದರು.

ಮಗನಿಗೆ ಫೋನು ಮಾಡಿದೆವು. ತಪ್ಪೊಪ್ಪಿಗೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ, ಬಯಲಿನ ಬೆಳಕನ್ನು ಹೇಗೆ ಮಾಡುವೆಯೆಂದು ಕೇಳಿದೆವು. ಅವನು ಉತ್ಸಾಹದಿಂದ ಹೇಳತೊಡಗಿದನು. ಸೂರ್ಯನಿಗಾಗಿ ಒಂದು ದೀಪ. ಅದರ ಕಿರಣಗಳು ಸಮಾನಾಂತರ. ಆದರೆ ಸೂರ್ಯನು ಬಿಂದುವಲ್ಲ, ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುವನು. ಆದುದರಿಂದ ಕಂಬದ ಬುಡದ ನೆರಳು ಸ್ಫುಟ. 10 ಮೀಟರ್ ದೂರದಿಂದ ಬೀಳುವ ಶಿಖರದ ನೆರಳಿನ ಅಂಚು ಸುಮಾರು 9 ಸೆಂಟಿಮೀಟರ್ ಮಸುಕು. ಎರಡನೆಯದು ಆಕಾಶ. ಗಾಳಿಯ ಕಣಗಳು ಕೆಂಪಿಗಿಂತ ನೀಲಿಯನ್ನು ಬಹಳ ಹೆಚ್ಚಾಗಿ ಚದುರಿಸುವುವೆಂದು ರೇಲಿ ಎಂಬ ಆಂಗ್ಲ ವಿಜ್ಞಾನಿಯು 1871ರಲ್ಲಿ ವಿವರಿಸಿದನು. ಆ ಚದುರಿದ ಬೆಳಕೇ ನೆರಳನ್ನು ತುಂಬುವುದು. ಅದಕ್ಕಾಗಿ ದೃಶ್ಯದ ಮೇಲೆ ಗುಮ್ಮಟವೊಂದನ್ನು ಕವುಚಿ, ಅದರ ಪ್ರತಿಯೊಂದು ಸ್ಥಾನವೂ ಬೆಳಗುವಂತೆ ಮಾಡುವರು. ಬಿಸಿಲುಂಡ ನೆಲವೂ ಸುಮ್ಮನಿರದು. ಕೆಮ್ಮಣ್ಣು ತನ್ನ ಬಣ್ಣವನ್ನು ಸೂರಿನ ಅಡಿಗೆ ಎರಚುವುದು. ಇವನ್ನೆಲ್ಲ ಬಿಟ್ಟು ಸೂರ್ಯನೊಬ್ಬನನ್ನೇ ಇಟ್ಟರೆ, ರಾತ್ರಿಯ ಅಂಗಳದಲ್ಲಿ ಗ್ಯಾಸ್‌ಬತ್ತಿ ಹಚ್ಚಿದಂತೆ.

“ನೀವು ಮಾಡಿಸಿದ್ದು ಚಂದ್ರನ ಮ್ಯಾಲಿನ ಹಗಲು, ಅಪ್ಪಾ,” ಎಂದು ನಕ್ಕನು. ಅಲ್ಲಿ ಗಾಳಿಯಿಲ್ಲವಷ್ಟೆ, ಹಗಲಿನಲ್ಲಿಯೂ ಆಕಾಶ ಕಪ್ಪು.

“ನಿನ್ನ ನೆರಳು ಸರಿ ಇತ್ತು. ಆ ಮೊದಲಿನ ಚಿತ್ರ ಕಳಸು” ಎಂದೆವು.

ಸ್ವಲ್ಪ ಹೊತ್ತು ಮಾತಿಲ್ಲ. ಅದನ್ನು ಅಳಿಸಿಬಿಟ್ಟಿದ್ದನಂತೆ, ಮತ್ತೆ ಮಾಡುವನಂತೆ. ಯಾವ ಹೊತ್ತಿನ ಬಿಸಿಲನ್ನು ಇಡಲೆಂದು ಕೇಳಿದನು. ಇಲ್ಲಿ ಮಾತ್ರ ನಮ್ಮ ಪಂಚಾಂಗಜ್ಞಾನ ಉಪಯೋಗಕ್ಕೆ ಬಂದಿತು. ನಮ್ಮೂರು ಉತ್ತರ ಅಕ್ಷಾಂಶ 14 ಡಿಗ್ರಿಯನ್ನು ತುಸು ಮೀರಿದೆ. ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು, ಕಂಬದ ನೆರಳು ಬುಡದಲ್ಲಿ ಅಡಗುವುದು. ಆ ಹೊತ್ತು ಬೇಡ, ಮಾರ್ಗಶಿರದ ಬೆಳಗಿನ ಎಂಟು ಗಂಟೆಯಿರಲಿ ಎಂದೆವು. ನಮ್ಮ ಎಡಗಣ್ಣಿನ ಸರದಿ ಬರುವ ತಿಂಗಳು. ಚಿತ್ರವು ಅದಕ್ಕೂ ಮೊದಲೇ ಬಂದರೆ, ಆ ಕಣ್ಣನ್ನು ಮುಚ್ಚಿಕೊಂಡೇ ನೋಡಬೇಕು.