ಹೆಸರಿನ ಕೆಳಗಿನ ಸಣ್ಣಕ್ಷರ

ಚಿಮ್ಮಡದಲ್ಲಿ ಯಾರಾದರೂ ‘ಪತ್ರಿಕಾ ಬಂತು’ ಅಂದರೆ ಒಳಗಿನಿಂದ ಬರುವ ಮೊದಲ ಪ್ರಶ್ನೆ, ‘ಯಾರ ಲಗ್ನ?’ ನಮ್ಮ ಕಡೆ ಪತ್ರಿಕೆ ಎಂದರೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯೇ. ದಿನಾ ಬರುವುದು ಪೇಪರ್. ವಾರಕ್ಕೋ ತಿಂಗಳಿಗೋ ಬರುವುದು ಪುಸ್ತಕ. ಸೊಸೈಟಿಯ ಸಭೆಯಲ್ಲಿ ಕೈಗಿಡುವ ವಾರ್ಷಿಕ ಅಹವಾಲಿನೊಳಗೆ ‘ಅಢಾವೆ ಪತ್ರಿಕೆ’ ಅಂತ ಇನ್ನೊಂದು ಇರುತ್ತದೆ. ಅದನ್ನು ಓದಿ ಸುಖಪಟ್ಟವರು ಊರಲ್ಲಿ ನನ್ನ ಹೊರತು ಇನ್ನೊಬ್ಬರು ಇರಲಿಕ್ಕಿಲ್ಲ.

ನನಗೆ ಹಿಡಿದಿರುವ ಹುಚ್ಚು ಇದೇ ಜಾತಿಯದು. ಹಳೆಯ ವಾರಪತ್ರಿಕೆ, ಮಾಸಪತ್ರಿಕೆ ಸಿಕ್ಕರೆ ಕಥೆ ಕವನದ ಗೊಡವೆಗೆ ಹೋಗದೆ ಹೆಸರಿನ ಕೆಳಗಿನ ಸಣ್ಣಕ್ಷರಕ್ಕೆ ಕಣ್ಣು ಹಾಕುತ್ತೇನೆ. ಸಂಪುಟ ಇಷ್ಟು, ಸಂಚಿಕೆ ಇಷ್ಟು, ಬಿಡಿ ಪ್ರತಿಗೆ ಇಷ್ಟು, ವಾರ್ಷಿಕ ಚಂದಾ ಇಷ್ಟು, ಆಜೀವ ಚಂದಾ ಇಷ್ಟು. (ಆಜೀವ ಅಂದರೆ ಯಾರ ಜೀವ, ಚಂದಾದಾರನದೋ ಪತ್ರಿಕೆಯದೋ, ಎಲ್ಲಿಯೂ ಬರೆದಿರುವುದಿಲ್ಲ.) ಆಮೇಲೆ ಕೊನೆಯ ಪುಟದ ತಳಕ್ಕೆ ಹೋಗಿ ಮುದ್ರಕರು ಯಾರು, ಪ್ರಕಾಶಕರು ಯಾರು, ಯಾವ ಊರಿನ ಪ್ರೆಸ್ಸು ಎಂದು ನೋಡುತ್ತೇನೆ. ಆ ಸಾಲು ಯಾರ ಹೆಮ್ಮೆಗೂ ಹಾಕಿದ್ದಲ್ಲ. ಪ್ರತಿ ಪ್ರತಿಯಲ್ಲೂ ಅದು ಇರಲೇಬೇಕೆಂದು ಬ್ರಿಟಿಷರು 1867ರಲ್ಲೇ ಕಾಯ್ದೆ ಮಾಡಿದ್ದರು. ಪೊಲೀಸರಿಗೆ ವಿಳಾಸ ಸಿಗಲೆಂದು ಹುಟ್ಟಿದ ಸಾಲು ಈಗ ನನ್ನಂಥವರಿಗೆ ಹಬ್ಬ.

ಬನಹಟ್ಟಿಯ ರದ್ದಿ ಅಂಗಡಿಯ ಹುಡುಗನಿಗೆ ಇದೊಂದು ಬಿಡಿಸಲಾರದ ಒಗಟು. ‘ಕಾಕಾ, ಅರ್ಧ ತಾಸಾತು, ಬರೇ ಮೊದಲನೇ ಪುಟಾ, ಕಡೀ ಪುಟಾ ನೋಡಾಕತ್ತೀರಿ. ನಡುವಿಂದು ಬ್ಯಾಡೇನ್ರಿ?’ ‘ನಡುವಿಂದು ಎಲ್ಲಾರೂ ಓದ್ತಾರೋ ತಮ್ಮಾ’ ಎಂದೆ. ಅವನು ನಡುವಿನದನ್ನೂ ಸೇರಿಸಿಯೇ ತೂಗಿದ.

ಕನ್ನಡದಲ್ಲಿ ಪತ್ರಿಕೆಗಳ ಸಾಲು ಶುರುವಾದದ್ದು 1843ರ ಜುಲೈ 1ಕ್ಕೆ, ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದಾಗ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಊರು ಬಿಟ್ಟಿತು, ಸಮಾಚಾರ ಬಿಡಲಿಲ್ಲ. ಆಗಿನವರಿಗೆ ಹೆಸರಿಡುವ ಕೈ ಧಾರಾಳವಾಗಿತ್ತು: ಬೋಧಿನಿ, ಚಂದ್ರಿಕೆ, ಭೂಷಣ. ಧಾರವಾಡದ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ತೆಗೆಯಿತು. 1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಹೊರಟಿತು. ಅದರ ಹಿಂದೆ ಗಳಗನಾಥರಿದ್ದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ ಅವರು.

ನನಗೆ ಮಾತ್ರ ಎಲ್ಲಕ್ಕಿಂತ ಹತ್ತಿರದ್ದು ವಿಜಾಪುರದ್ದು. 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ನಮ್ಮದೂ ಆ ಜಿಲ್ಲೆಯೇ. ವಕೀಲ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸಲಿಕ್ಕೆ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಕಟ್ಟಿದರು. 1926ರಲ್ಲಿ ‘ಶಿವಾನುಭವ’, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಒಂದು ಪುಸ್ತಕವನ್ನು ಹಟಕ್ಕೆ ಬಿದ್ದು ಯಾರಾದರೂ ಒಮ್ಮೆ ತಂದಾರು. ಮುಂದಿನ ಸಂಚಿಕೆಗೆ ಕಾಗದ ಎಲ್ಲಿಂದ, ಮೊಳೆ ಜೋಡಿಸುವವನ ಪಗಾರ ಎಲ್ಲಿಂದ ಎಂಬ ಚಿಂತೆಯನ್ನು ವರ್ಷಗಟ್ಟಲೆ ತಲೆಯ ಮೇಲೆ ಹೊತ್ತುಕೊಳ್ಳುವವರು ಕಡಿಮೆ. ‘ಸಂಪುಟ, ಸಂಚಿಕೆ’ ಎಂಬ ಒಣ ಅಂಕಿಗಳಲ್ಲಿ ನನಗೆ ಕಾಣುವುದು ಆ ಹಟ. ವಾರಪತ್ರಿಕೆ ಎಂದು ಅಚ್ಚು ಹಾಕಿದವನು ವಾರಕ್ಕೊಮ್ಮೆ ಬರುತ್ತೇನೆಂದು ಗುರುತಿಲ್ಲದವರಿಗೆಲ್ಲ ಮಾತು ಕೊಟ್ಟಿರುತ್ತಾನೆ.

ಮಾತು ತಪ್ಪಿದಾಗಲೂ ಅದೇ ಸಣ್ಣಕ್ಷರ ಹೇಳುತ್ತದೆ, ಸ್ವಲ್ಪ ನಾಚಿಕೊಂಡು. ‘ಜೋಡಿ ಸಂಚಿಕೆ’ ಎಂದಿದ್ದರೆ ಒಂದು ತಿಂಗಳು ನುಂಗಿಹೋಗಿದೆ ಎಂದರ್ಥ. ಮಾಸಿಕ ಸುಸ್ತಾದರೆ ದ್ವೈಮಾಸಿಕ, ದ್ವೈಮಾಸಿಕ ಸುಸ್ತಾದರೆ ತ್ರೈಮಾಸಿಕ. ಕನ್ನಡ ಸಾಹಿತ್ಯದ ಎಷ್ಟೋ ತ್ರೈಮಾಸಿಕಗಳು ಒಂಬತ್ತು ತಿಂಗಳು ತೆಗೆದುಕೊಂಡದ್ದುಂಟು; ಕೂಸು ಗಟ್ಟಿಯಾಗಿದ್ದರೆ ನಾನು ದೂರುವವನಲ್ಲ. ‘ಅನಿಯತಕಾಲಿಕ’ ಎಂದು ಮೊದಲೇ ಒಪ್ಪಿಕೊಂಡವರ ಮೇಲೆ ನನಗೆ ವಿಶೇಷ ಗೌರವ. ಆದರೆ ಅಂಚೆ ಇಲಾಖೆಗೆ ಇಂಥ ಗೌರವ ಇರಲಿಲ್ಲ. 31 ದಿನದೊಳಗೆ ಮುಂದಿನ ಸಂಚಿಕೆ ತರದಿದ್ದರೆ ಅದು ಪತ್ರಿಕೆಯೇ ಅಲ್ಲ ಎಂದಿತ್ತು 1898ರ ಅಂಚೆ ಕಾಯ್ದೆ. ನೋಂದಾಯಿತ ಪತ್ರಿಕೆಯಾದರೆ 50 ಗ್ರಾಂವರೆಗಿನ ಪ್ರತಿ ಬರೀ 25 ಪೈಸೆಯಲ್ಲಿ ಹೋಗುತ್ತಿತ್ತು. ತ್ರೈಮಾಸಿಕದವನಿಗೆ ಆ ಯೋಗವಿರಲಿಲ್ಲ, ಬುಕ್ ಪೋಸ್ಟಿನ ದರ ಕಟ್ಟಬೇಕಿತ್ತು. ವರ್ಷಕ್ಕೆ ನಾಲ್ಕು ಸಲ ತಡವರಿಸುವವನ ಮೇಲೇ ಹೆಚ್ಚಿನ ಭಾರ!

ದೀಪಾವಳಿ ಬಂದರೆ ನಮ್ಮ ಕಡೆ ಇನ್ನೊಂದು ಶಬ್ದ ಏಳುತ್ತದೆ: ಅಂಕ. ಮರಾಠಿ ಅರಸರಾದ ಪಟವರ್ಧನರ ಜಮಖಂಡಿಯ ಮಗ್ಗುಲಲ್ಲಿದ್ದವರಿಗೆ ಮರಾಠಿ ಓದು ಹೊಸದಲ್ಲ. ಕಾಶೀನಾಥ ರಘುನಾಥ ಮಿತ್ರರು 1909ರಲ್ಲಿ ‘ಮನೋರಂಜನ’ದಿಂದ ಹಚ್ಚಿದ ದಿವಾಳಿ ಅಂಕದ ರುಚಿ ಆ ದಿಕ್ಕಿನದು. ನಮ್ಮ ವಿಶೇಷಾಂಕಗಳೂ ದಪ್ಪನಾಗಿ, ಜಾಹೀರಾತು ತುಂಬಿಕೊಂಡು ಬರುತ್ತವೆ. ನನಗೆ ಅವು ಅಷ್ಟಕ್ಕಷ್ಟೆ. ಹಬ್ಬದ ದಿನ ಎಲ್ಲರೂ ಉಣಬಡಿಸುತ್ತಾರೆ. ಆಷಾಢದ ಗಾಳಿಯಲ್ಲಿ ತೆಳ್ಳಗೆ ಬಂದು ಬೀಳುವ ಸಾದಾ ಸಂಚಿಕೆಯೇ ಮೇಲು.

ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ‘ಕಸ್ತೂರಿ’ಯನ್ನು ಮಾತ್ರ ನಾನು ನಡುವೆಯೂ ಓದುತ್ತೇನೆ. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಎದುರಾದರೆ ಕಡೆಯ ಪುಟ ಕಾಯಲಿ ಎನ್ನುತ್ತೇನೆ. ಒಂದೊಂದು ಶಬ್ದದ ಊರು, ಗೋತ್ರ, ಬೀಗರು ಎಲ್ಲವನ್ನೂ ವಿಚಾರಿಸಿ ಬರೆಯುತ್ತಿದ್ದರು ಅವರು.

ಇನ್ನು ಕೊನೆಯ ಸಂಚಿಕೆಗಳ ಮಾತು. ನಿಂತುಹೋದ ಪತ್ರಿಕೆಗಳ ಕಡೆಯ ಪ್ರತಿಯಲ್ಲಿ ‘ಇದೇ ಕಡೆಯದು’ ಎಂಬ ಸೂಚನೆಯನ್ನು ನಾನು ಕಂಡದ್ದು ಬಹಳ ಅಪರೂಪ. ಚಂದಾ ನವೀಕರಿಸಿರಿ ಎಂಬ ವಿನಂತಿ ಇರುತ್ತದೆ, ಧಾರಾವಾಹಿಯ ಅಡಿಗೆ ‘ಮುಂದುವರಿಯುವುದು’ ಎಂದಿರುತ್ತದೆ. ನನಗೆ ಇಷ್ಟೇ ಸಾಕು, ಸಂಚಿಕೆಯ ಅಂಕಿ ಬರೆದುಕೊಂಡು ಕಟ್ಟಿಡುತ್ತೇನೆ. ತೊಡಕು ಮನೆಯಲ್ಲಿ. ನಾನು ತಂದ ಗಂಟಿನಿಂದ ನಡುವಿನ ಪುಟಗಳನ್ನೆಲ್ಲ ಓದುವವಳು ನನ್ನ ಹೆಂಡತಿ. ‘ಇದರ ಮುಂದಿಂದು ಎಲ್ಲೈತ್ರಿ? ಆ ಹುಡುಗಿ ಧಾರವಾಡ ಗಾಡಿ ಹತ್ತಿದಳೋ ಇಲ್ಲೋ?’ ಎಂದು ಕೇಳುತ್ತಾಳೆ. ಹಾಗಾಗಿ ಬನಹಟ್ಟಿಗೆ ಹೊರಟಾಗ ಈಗ ನನ್ನ ಕಿಸೆಯಲ್ಲಿ ಆಕೆಯ ಚೀಟಿಯೂ ಇರುತ್ತದೆ: ಯಾವ ವಾರಪತ್ರಿಕೆ, ಯಾವ ಸಂಪುಟ, ಯಾವ ಸಂಚಿಕೆಯಿಂದ ಮುಂದೆ. ಸಣ್ಣಕ್ಷರ ಓದುವುದನ್ನು ಆಕೆಯೂ ಕಲಿತಿದ್ದಾಳೆ.