ಒಬ್ಬನ ಟಿಕೆಟು, ಇಬ್ಬರ ದುಡ್ಡು

ನಮ್ಮ ಮೂವರಲ್ಲಿ ಒಬ್ಬನಿಗೆ ಹಡಗು ಹತ್ತುವ ಆಸೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟಲ್ಲ, ಏಳು ದಿನ ಸಮುದ್ರದಲ್ಲೇ ಇರುವ ಕ್ರೂಸ್. ಅದೂ ಗೇ ಕ್ರೂಸ್. ಗಂಡಸರನ್ನೇ ಪ್ರೀತಿಸುವ ಗಂಡಸರಿಗೆಂದು ಇಡೀ ಹಡಗನ್ನು ಬಾಡಿಗೆಗೆ ಹಿಡಿಯುತ್ತಾರೆ. ಅಮೆರಿಕದಲ್ಲಿ 1986ರಿಂದಲೇ ಇದು ಉಂಟು. ನಮ್ಮ ಕರಾವಳಿಯಿಂದ ಅಂಥದ್ದು ಹೊರಡುವುದಿಲ್ಲ. ಇವನು ಸ್ಪೇನಿನ ಬಾರ್ಸಿಲೋನಾಕ್ಕೆ ಹೋಗಿ ಹತ್ತಬೇಕು.

"ಬರೆಯಿರಿ, ಹೆಸರು ಬೇಡ, ಕಾರ್ಕಳದವನು ಅಂದರೆ ಸಾಕು" ಎಂದಿದ್ದಾನೆ. ಕಾರ್ಕಳವೇನು ಸಣ್ಣ ತಾಲೂಕೇ! ಉಳಿದ ನಾವಿಬ್ಬರು ಉಡುಪಿ, ಕಾಪುವಿನವರು. ಮಣಿಪಾಲದ ರೂಮಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೇವೆ.

ಮೊದಲ ಪೆಟ್ಟು ದುಡ್ಡಿನದು. ಹಡಗಿನ ಕೋಣೆಗೆ ಇಬ್ಬರ ಲೆಕ್ಕದಲ್ಲೇ ದರ. ಒಬ್ಬನೇ ಹೋದರೆ ಹೆಚ್ಚಿನ ಕಡೆ ಬಾರದವನ ಪಾಲನ್ನೂ ಬಹುಪಾಲು ಇವನೇ ಕಟ್ಟಬೇಕು. ಗುರುತಿಲ್ಲದವರ ಜೊತೆ ಕೋಣೆ ಹಂಚಿಕೊಂಡರೆ ಕಡಿಮೆಯಾದೀತು. "ಬೇಡ ಮಾರಾಯ, ಏಳು ದಿನವಾದರೂ ಯಾರಿಗೂ ಉತ್ತರ ಕೊಡದೆ ಮಲಗ್ತೇನೆ" ಎಂದ. ಪ್ರತಿ ಮದುವೆ ಊಟದಲ್ಲೂ "ನಿನ್ನದು ಯಾವಾಗ?" ಎಂದು ಕೇಳಿಸಿಕೊಳ್ಳುವವನು. ನಾವು ಎದುರಾಡಲಿಲ್ಲ.

ಯುರೋಪಿನ ಷೆಂಗೆನ್ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಕಾನೂನು ಬಂದರಿನಿಂದ ಬಂದರಿಗೆ ಬೇರೆ. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇದು ಅಪರಾಧವಲ್ಲ ಎಂದಿತು. ಸ್ಪೇನಿನಲ್ಲಿ 2005ರಿಂದ ಮದುವೆಯೇ ಆಗಬಹುದು. ಅದರ ದಕ್ಷಿಣ ತುದಿಯಿಂದ ಸುಮಾರು 14 ಕಿ.ಮೀ. ಸಮುದ್ರ ದಾಟಿದರೆ ಮೊರಾಕೊ, ಅಲ್ಲಿ ಜೈಲು. ಮೊರಾಕೊದಲ್ಲಿ ನಿಲ್ಲುವ ಹಡಗುಗಳಿಗೆಲ್ಲ ಗೀಟು ಹಾಕಿದೆವು.

ಪಾಸ್‌ಪೋರ್ಟಿನ ಬಗ್ಗೆ ಮನೆಯಲ್ಲಿ ಯಾರೂ ಚಕಾರ ಎತ್ತಲಿಲ್ಲ. ನಮ್ಮ ಕಡೆ ಹುಡುಗ ಪಾಸ್‌ಪೋರ್ಟ್ ಮಾಡಿಸಿದರೆ ಗಲ್ಫಿಗೆಂದೇ ಲೆಕ್ಕ.

ನಿಜವಾದ ಹೆದರಿಕೆ ಬೇರೆ. ಇಂಥ ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ, ಕೋಣೆ ಚೊಕ್ಕ ಮಾಡುವ ಕೆಲಸದಲ್ಲಿ ನಮ್ಮ ಕರಾವಳಿಯ ಹುಡುಗರೂ ಇರುತ್ತಾರೆ. "ಮಗ ಶಿಪ್ಪಿನಲ್ಲಿದ್ದಾನೆ" ಎನ್ನುವ ಮನೆಗಳು ಕಾಪುವಿನಲ್ಲೇ ಉಂಟು. ಅಷ್ಟು ದೂರ ಹೋದ ಮೇಲೆ, ಟವೆಲ್ ತಂದವನು ತುಳುವಿನಲ್ಲಿ "ಈರೆನ ಊರು ಓಲು?" ಎಂದು ಕೇಳಿದರೆ? ವಾಟ್ಸಾಪಿನಲ್ಲಿ ಸುದ್ದಿ ಕಾರ್ಕಳ ಮುಟ್ಟಲು ಎಷ್ಟು ಹೊತ್ತು?

"ಅವನೂ ಹೊಟ್ಟೆಪಾಡಿಗೆ ಹೋದವನು, ಗಿರಾಕಿಯ ಗುಟ್ಟು ಬಿಟ್ಟುಕೊಟ್ಟರೆ ಕೆಲಸ ಹೋದೀತು" ಎಂದು ನಮ್ಮ ಕಾಪುವಿನವನು ಧೈರ್ಯ ಹೇಳಿದ. ಕಾರ್ಕಳದವನಿಗೆ ಸಮಾಧಾನವಾಗಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ಅಕ್ಕನಿಗೆ ನಾನೇ ಹೇಳ್ತೇನೆ. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗುವುದು ಬೇಡ" ಎಂದ.

ಈ ಭಾನುವಾರ ಅಕ್ಕನ ಮನೆಗೆ ಹೊರಟಿದ್ದಾನೆ. ಮುಂಗಡ ಇನ್ನೂ ಕಟ್ಟಿಲ್ಲ. ಬಂದ ಮೇಲೆ ಕಟ್ಟುತ್ತಾನಂತೆ.