ಮಗ್ಗದ ಮನೆಯಿಂದ ಬಿಡದಿಯವರೆಗೆ

‘ಕೀರ್ತಿ’ ಎಂಬ ಶಬ್ದಕ್ಕೆ ಮೂಲವಾದ ಧಾತುವಿಗೆ ಹೆಸರೆತ್ತಿ ಹೇಳುವುದು ಎಂಬ ಅರ್ಥವುಂಟು. ತನ್ನನ್ನು ತಾನೇ ಹೊಗಳಿಕೊಂಡರೆ ಅದು ಕೀರ್ತಿಯೆನಿಸದು. ಪರರು, ಅದರಲ್ಲಿಯೂ ಬಳಸಿ ನೋಡಿದ ಪರರು, ಎತ್ತಿ ಆಡಿದಾಗಲೇ ಆ ಶಬ್ದಕ್ಕೆ ಸಾರ್ಥಕ್ಯ. ಮೈಸೂರಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಕಾರಿನ ಚಾಲಕರ ಬಾಯಲ್ಲಿ ‘ಕ್ವಾಲಿಸ್’, ‘ಇನ್ನೋವಾ’ ಎಂಬ ಹೆಸರುಗಳು ಇಂತಹ ಅರ್ಥದಲ್ಲಿ ಕೀರ್ತಿಯನ್ನು ಪಡೆದವು. ದಸರೆಯ ದಿನಗಳಲ್ಲಿ ವಿಶ್ರಾಂತಿಯಿಲ್ಲದೆ ಊಟಿಗೂ ಮಡಿಕೇರಿಗೂ ಗಾಡಿ ಓಡಿಸುವವನಿಗೆ ಜಾಹೀರಾತಿನ ಬಣ್ಣದ ಮಾತು ಬೇಕಿಲ್ಲ. ಘಟ್ಟದ ನಡುವೆ ಗಾಡಿ ಕೈಕೊಡದಿದ್ದರೆ ಸಾಕು. ಕೈಕೊಡದ ಗಾಡಿಯ ಹೆಸರನ್ನು ಅವನು ತಾನಾಗಿಯೇ ಇನ್ನೊಬ್ಬನಿಗೆ ಹೇಳುತ್ತಾನೆ. ಈ ಹೆಸರಿನ ಹಿಂದೆ ಟೊಯೋಟಾ ಎಂಬ ಜಪಾನೀ ಸಂಸ್ಥೆಯ ಸುದೀರ್ಘವಾದ ಇತಿಹಾಸವಿದೆ. ಆ ಇತಿಹಾಸವು ಮೋಟಾರಿನಿಂದ ಆರಂಭವಾಗದೆ ಮಗ್ಗದಿಂದ ಆರಂಭವಾಯಿತೆಂಬುದು ವಿದ್ಯಾಶಾಲೆಯೊಂದರ ಪುಟಗಳಲ್ಲಿ ಸ್ಮರಿಸತಕ್ಕ ಸಂಗತಿ.

ಸಕಿಚಿ ಟೊಯೋಡಾ 1867ರಲ್ಲಿ ಜಪಾನಿನ ಒಂದು ಹಳ್ಳಿಯ ಬಡಗಿಯ ಮಗನಾಗಿ ಜನಿಸಿದನು. ಹೆಣ್ಣುಮಕ್ಕಳು ಕೈಮಗ್ಗದ ಮುಂದೆ ಬೆನ್ನು ಬಾಗಿಸಿ ಕುಳಿತು ಪಡುತ್ತಿದ್ದ ಶ್ರಮವನ್ನು ಕಂಡ ಆ ತರುಣನು ಮಗ್ಗವನ್ನು ಸುಧಾರಿಸುವುದನ್ನೇ ತನ್ನ ಬಾಳಿನ ಕೆಲಸವನ್ನಾಗಿ ಮಾಡಿಕೊಂಡನು. 1891ರಲ್ಲಿ ಮರದ ಕೈಮಗ್ಗಕ್ಕೆ ಅವನಿಗೆ ಏಕಸ್ವಾಮ್ಯದ ಹಕ್ಕುಪತ್ರ ದೊರೆಯಿತು. ಅಲ್ಲಿಂದ ಮೂವತ್ತಕ್ಕೂ ಮಿಕ್ಕ ವರ್ಷಗಳ ಸಾಧನೆಯ ಫಲವಾಗಿ 1924ರಲ್ಲಿ ಸ್ವಯಂಚಾಲಿತವಾದ ಮಗ್ಗವು ಸಿದ್ಧವಾಯಿತು. ಅದು ಓಡುತ್ತಿರುವಾಗಲೇ ತನ್ನ ಲಾಳಿಯನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಹಾಸಿನಲ್ಲಾಗಲಿ ಹೊಕ್ಕಿನಲ್ಲಾಗಲಿ ಒಂದು ಎಳೆ ತುಂಡಾದರೆ ತಟ್ಟನೆ ನಿಂತುಬಿಡುತ್ತಿತ್ತು.

ಇಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು. ವೇಗವಾಗಿ ಓಡುವ ಯಂತ್ರವನ್ನು ಮಾಡಿದವರು ಬಹುಮಂದಿ. ತಪ್ಪಾದೊಡನೆ ನಿಲ್ಲುವ ಯಂತ್ರವನ್ನು ಮಾಡಬೇಕೆಂಬುದು ಈತನ ಬುದ್ಧಿಗೆ ಹೊಳೆಯಿತು. ಎಳೆ ತುಂಡಾದ ಮೇಲೆಯೂ ಓಡುವ ಮಗ್ಗವು ನೇಯುವುದು ಬಟ್ಟೆಯನ್ನಲ್ಲ, ನಷ್ಟವನ್ನು. 1912ರಲ್ಲಿಯೇ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಪಡೆದ ಮೈಸೂರಿನ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಎಳೆಯ ದೋಷವು ಒಂದು ಸೀರೆಯ ಬೆಲೆಯನ್ನೇ ಇಳಿಸಿಬಿಡುವುದನ್ನು ಈ ಊರು ಬಲ್ಲದು.

1929ರಲ್ಲಿ ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಸೋದರರ ಸಂಸ್ಥೆಯು ಹಣ ಕೊಟ್ಟು ಪಡೆಯಿತು. ನೇಯ್ಗೆಯ ಯಂತ್ರಗಳನ್ನು ಲೋಕಕ್ಕೆಲ್ಲ ಮಾರುತ್ತಿದ್ದ ಇಂಗ್ಲೆಂಡು ಜಪಾನಿನ ಬಡಗಿಯ ಮಗನಿಂದ ವಿದ್ಯೆಯನ್ನು ಕೊಂಡದ್ದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಲ್ಲ. ಮರುವರ್ಷವೇ ಸಕಿಚಿ ತೀರಿಕೊಂಡನು. ಅವನ ಮಗ ಕಿಚಿರೋ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗವನ್ನು ತೆರೆದನು. 1935ರಲ್ಲಿ ಹೊರಬಂದ ಮೊದಲ ಲಾರಿಗಳು ದಾರಿಯಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದವು. ಇಂದು ಕೆಡದ ಗಾಡಿಯೆಂದು ಹೆಸರಾದ ಮನೆತನದ ಮೊದಲ ಹೆಜ್ಜೆ ಹೀಗಿತ್ತು. 1936ರಲ್ಲಿ ಮೊದಲ ಕಾರು ಮಾರಾಟಕ್ಕೆ ಬಂದಿತು. 1937ರಲ್ಲಿ ಮೋಟಾರು ಸಂಸ್ಥೆಯು ಪ್ರತ್ಯೇಕವಾಗಿ ಸ್ಥಾಪಿತವಾಯಿತು.

ಹೆಸರಿನ ವಿಷಯದಲ್ಲಿಯೂ ಒಂದು ಸ್ವಾರಸ್ಯವುಂಟು. ಟೊಯೋಡಾ ಎಂಬ ಮನೆತನದ ಹೆಸರಿಗೆ ಸಮೃದ್ಧವಾದ ಭತ್ತದ ಗದ್ದೆ ಎಂದರ್ಥ. 1936ರಲ್ಲಿ ಗಾಡಿಗಳಿಗೆ ಅದನ್ನೇ ತುಸು ಮಾರ್ಪಡಿಸಿ ಟೊಯೋಟಾ ಎಂದು ಇಟ್ಟರು. ಜಪಾನೀ ಲಿಪಿಯಲ್ಲಿ ಹೀಗೆ ಬರೆದರೆ ಎಂಟು ಗೀಟುಗಳಾಗುತ್ತವೆ, ಎಂಟು ಅವರಿಗೆ ಶುಭಸಂಖ್ಯೆ. ಉಚ್ಚಾರಣೆಯೂ ಸ್ಫುಟವಾಗುತ್ತದೆ. ಕನ್ನಡದ ಆದೇಶಸಂಧಿಯಲ್ಲಿ ‘ಬೆಟ್ಟ’ದ ಮುಂದೆ ‘ತಾವರೆ’ ಬಂದಾಗ ತಕಾರವು ದಕಾರವಾಗಿ ‘ಬೆಟ್ಟದಾವರೆ’ಯಾಗುವುದನ್ನು ಮಕ್ಕಳು ಕಲಿತಿರುತ್ತಾರೆ. ಜಪಾನೀಯರ ನಾಲಗೆಯ ಮೇಲೆ ಅದರ ವಿಲೋಮವು ನಡೆದು ದಕಾರದ ಸ್ಥಾನಕ್ಕೆ ತಕಾರವು ಬಂದಿತೆನ್ನಬಹುದು. ಒಂದು ಅಕ್ಷರದ ಈ ಮಾರ್ಪಾಟಿನಿಂದ ಮನೆತನದ ಹೆಸರು ಬೇರೆ, ಸಂಸ್ಥೆಯ ಹೆಸರು ಬೇರೆ ಆಯಿತು.

ಎರಡನೆಯ ಮಹಾಯುದ್ಧದ ಅನಂತರ ಸಂಸ್ಥೆಯು ದಿವಾಳಿಯ ಅಂಚಿಗೆ ಬಂದು ನಿಂತಿತು. 1950ರಲ್ಲಿ ಕಾರ್ಮಿಕರ ಮುಷ್ಕರ ನಡೆಯಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಕೆಲಸವನ್ನು ಬಿಡಬೇಕಾಯಿತು. ಆಗ ಕಿಚಿರೋ ತಾನೂ ಅಧ್ಯಕ್ಷಪದವಿಯನ್ನು ತ್ಯಜಿಸಿ ಹೊರನಡೆದನು. ಅದೇ ವರ್ಷ ಕೊರಿಯಾದಲ್ಲಿ ಯುದ್ಧವು ಆರಂಭವಾಗಿ, ಅಮೆರಿಕದ ಸೇನೆಯು ಲಾರಿಗಳನ್ನು ಕೇಳಿದ್ದರಿಂದ ಸಂಸ್ಥೆಯು ಉಳಿದುಕೊಂಡಿತು. ಕಿಚಿರೋ ಮಾತ್ರ ಮರಳಿ ಅಧಿಕಾರ ವಹಿಸುವ ಮೊದಲೇ 1952ರಲ್ಲಿ ಕಾಲವಶನಾದನು. ತಾನು ನೆಟ್ಟ ಮರದ ನೆರಳಿನಲ್ಲಿ ಕುಳಿತುಕೊಳ್ಳುವ ಯೋಗ ಅವನಿಗಿರಲಿಲ್ಲ.

ಬಡತನವು ಕೆಲವರಿಗೆ ಬುದ್ಧಿಯನ್ನೂ ಕಲಿಸುತ್ತದೆ. ಭಾಗಗಳನ್ನು ರಾಶಿ ಹಾಕಿಕೊಳ್ಳಲು ಹಣವೂ ಇಲ್ಲ, ಸ್ಥಳವೂ ಇಲ್ಲ. ಆದುದರಿಂದ ತೈಇಚಿ ಓನೋ ಎಂಬ ಎಂಜಿನಿಯರನ ಮುಂದಾಳುತನದಲ್ಲಿ, ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟು ಮಾತ್ರ ಮಾಡುವ ಪದ್ಧತಿಯು ರೂಪುಗೊಂಡಿತು. ಇದನ್ನು ತಿಳಿಯಲು ಜಪಾನಿಗೇ ಹೋಗಬೇಕಾಗಿಲ್ಲ. ಬಿಡದಿಯ ತಟ್ಟೆ ಇಡ್ಲಿಯ ಹೋಟೆಲಿನಲ್ಲಿ ಜಾಣನಾದ ಅಡಿಗೆಯವನು ಬೆಳಿಗ್ಗೆಯೇ ದಿನದ ಇಡ್ಲಿಯನ್ನೆಲ್ಲ ಬೇಯಿಸಿ ಇಡುವುದಿಲ್ಲ. ಬರುವ ಗಿರಾಕಿಗಳನ್ನು ನೋಡಿಕೊಂಡು ಹಿಟ್ಟನ್ನು ತಟ್ಟೆಗೆ ಹೊಯ್ಯುತ್ತಾನೆ. ಬಂದವನಿಗೆ ಬಿಸಿಯಾದದ್ದು ಸಿಗುತ್ತದೆ, ಆರಿದ್ದು ವ್ಯರ್ಥವಾಗುವುದಿಲ್ಲ. ಇದರೊಡನೆ ಮಗ್ಗದ ನೀತಿಯೂ ಸೇರಿತು. ಸಾಲಿನಲ್ಲಿ ನಿಂತ ಸಾಮಾನ್ಯ ಕೆಲಸಗಾರನೂ ದೋಷವನ್ನು ಕಂಡರೆ ಹಗ್ಗವನ್ನು ಎಳೆದು ಎಚ್ಚರಿಸಬಹುದು, ಅಗತ್ಯವಾದರೆ ಇಡೀ ಸಾಲೇ ನಿಲ್ಲುತ್ತದೆ. ಏಕೆ ಕೆಟ್ಟಿತೆಂದು ಐದು ಸಲ ಕೇಳಿ ಮೂಲಕಾರಣವನ್ನು ಹುಡುಕಬೇಕೆಂಬುದು ಅವರ ಇನ್ನೊಂದು ಪಾಠ. 1966ರಲ್ಲಿ ಬಂದ ಕೊರೊಲ್ಲಾ ಎಂಬ ಕಾರು ಈ ಪದ್ಧತಿಯ ಹಿರಿಮೆಯನ್ನು ದೇಶದೇಶಗಳಿಗೆ ಸಾರಿತು.

ಕನ್ನಡ ನಾಡಿಗೆ ಈ ಸಂಸ್ಥೆಯು ಕಿರ್ಲೋಸ್ಕರರ ಜೊತೆಗೂಡಿ ಬಂದಿತು. ಆ ಮನೆತನದ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಂದ ಉದ್ಯಮಕ್ಕೆ ಕಾಲಿಟ್ಟವರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು ನೋಂದಣಿಯಾಗಿ, ಮೈಸೂರು ಬೆಂಗಳೂರು ಹೆದ್ದಾರಿಯ ಬಿಡದಿಯಲ್ಲಿ 432 ಎಕರೆ ಭೂಮಿಯಲ್ಲಿ ಕಾರ್ಖಾನೆಯು ಎದ್ದಿತು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರಕ್ಕೆ ಮಗ್ಗದ ಮನೆತನದ ಮೋಟಾರು ನೆರೆಯಾದದ್ದು ಒಂದು ಚೆಲುವಾದ ಯೋಗಾಯೋಗ. 2000ದ ಆರಂಭದಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂದಿತು. 2005ರಲ್ಲಿ ಅದರ ಸ್ಥಾನವನ್ನು ಇನ್ನೋವಾ ಪಡೆಯಿತು. 2023ರ ನವೆಂಬರಿನಲ್ಲಿ, ಬಿಡದಿಯಲ್ಲಿಯೇ ಮೂರನೆಯ ಘಟಕಕ್ಕಾಗಿ 3,300 ಕೋಟಿ ರೂಪಾಯಿ ತೊಡಗಿಸುವ ಒಡಂಬಡಿಕೆಯು ರಾಜ್ಯ ಸರ್ಕಾರದೊಡನೆ ಆಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಾಗದೆ ಬರಿಯ ಸ್ತುತಿಪಾಠವಾದೀತು. ಚಂದ್ರನಿಗಿರುವ ಕಲೆ ಕೀರ್ತಿಗೂ ಉಂಟು. 2009 ಮತ್ತು 2010ರಲ್ಲಿ, ವೇಗವರ್ಧಕದ ತುಳಿಪಟ್ಟಿಗೆ ಸಂಬಂಧಿಸಿದ ದೋಷಗಳಿಗಾಗಿ ಲಕ್ಷಾಂತರ ಗಾಡಿಗಳನ್ನು ಹಿಂದಕ್ಕೆ ಕರೆಯಿಸಬೇಕಾಯಿತು. ಸ್ಥಾಪಕನ ಮೊಮ್ಮಗನಾದ ಅಕಿಯೋ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು ಕ್ಷಮೆ ಯಾಚಿಸಿದನು. ಗ್ರಾಹಕರಿಗೆ ನಿಜವನ್ನು ಮರೆಮಾಚಿದ ಆರೋಪದ ಇತ್ಯರ್ಥಕ್ಕಾಗಿ 2014ರಲ್ಲಿ 120 ಕೋಟಿ ಡಾಲರುಗಳನ್ನು ಸಂಸ್ಥೆಯು ತೆರಬೇಕಾಯಿತು. 2024ರಲ್ಲಿ ಜಪಾನಿನಲ್ಲಿಯೇ ಕೆಲವು ಕಾರುಗಳ ಪ್ರಮಾಣಪತ್ರದ ಪರೀಕ್ಷೆಗಳು ನಿಯಮದಂತೆ ನಡೆದಿಲ್ಲವೆಂದು ಒಪ್ಪಿಕೊಂಡು ಮತ್ತೊಮ್ಮೆ ತಲೆಬಾಗಬೇಕಾಯಿತು. ಎಳೆ ತುಂಡಾದದ್ದು ಕಂಡರೂ ಮಗ್ಗವನ್ನು ನಿಲ್ಲಿಸದಿದ್ದರೆ ಆಗುವುದೇನೆಂಬುದನ್ನು ಸಕಿಚಿಯ ವಂಶವೇ ಮತ್ತೆ ಕಲಿಯಬೇಕಾದದ್ದು ವಿಧಿಯ ವೈಚಿತ್ರ್ಯ.

ಬಿಡದಿಯಲ್ಲಿಯೂ ಎಲ್ಲ ಕಾಲವೂ ಒಂದೇ ಸಮನಾಗಿರಲಿಲ್ಲ. 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕೊನೆಯ ಸಲ ಕೆಲಸದ ಹೊರೆ ಹೆಚ್ಚೆಂದು ಕಾರ್ಮಿಕ ಸಂಘವು ಹೇಳಿತು, ಶಿಸ್ತು ಮುರಿಯಿತೆಂದು ಆಡಳಿತವು ಹೇಳಿತು. ವಿವಾದವು ಶಮನವಾಗಿ ಕೆಲಸಗಾರರು ಮರಳುವ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು. ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪಿಗೆ ಇದು ಸ್ಥಳವಲ್ಲ. ಆದರೂ ಒಂದು ಮಾತನ್ನು ಹೇಳದೆ ಇರಲಾಗದು. ನೂಲಿನ ಎಳೆ ತುಂಡಾದರೆ ಯಂತ್ರಕ್ಕೆ ಕೂಡಲೇ ತಿಳಿಯುತ್ತದೆ. ಮನುಷ್ಯನ ಮನಸ್ಸಿನ ಎಳೆ ತುಂಡಾಗುವ ಮೊದಲೇ ತಿಳಿದುಕೊಳ್ಳುವ ಉಪಾಯವನ್ನು ಯಾವ ಎಂಜಿನಿಯರನೂ ಕಂಡುಹಿಡಿದಿಲ್ಲ. ಅದಕ್ಕೆ ಬೇಕಾದದ್ದು ಎದುರಿಗಿರುವವನ ಮಾತನ್ನು ಕೇಳುವ ಕಿವಿ. ಹಗ್ಗವನ್ನೆಳೆಯುವ ಹಕ್ಕನ್ನು ಕೊಟ್ಟ ಮೇಲೆ, ಎಳೆದಾಗ ಬಂದು ನೋಡುವ ಹೊಣೆಯೂ ಕೊಟ್ಟವನ ಮೇಲಿರುತ್ತದೆ. ಎಳೆಯುವವನೂ ಅದನ್ನು ವಿವೇಕದಿಂದ ಎಳೆಯಬೇಕು.

ಕೀರ್ತಿಯೊಂದೇ ಕಾರ್ಖಾನೆಯನ್ನು ಕಾಯಲಾರದು ಎಂಬುದಕ್ಕೆ ಮೈಸೂರೇ ಸಾಕ್ಷಿ. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ತಾಂತ್ರಿಕ ಸಹಕಾರದಿಂದ ತಯಾರಾದ ಮೋಟಾರು ಸೈಕಲ್ಲುಗಳು, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ, ಭಾರತದಾದ್ಯಂತ ಮನ್ನಣೆ ಪಡೆದಿದ್ದವು. 1980ರ ದಶಕದಲ್ಲಿ ಜಪಾನೀ ಸಹಯೋಗದಿಂದ ಬಂದ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಗಾಡಿಗಳ ಮುಂದೆ ಅವು ಹಿಂದುಳಿದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಸಂಸ್ಥೆಯ ಮೂಲಕ ಮರಳಿ ಬಂದವು. ಆದರೆ ಆ ಹೊಸ ಗಾಡಿಗಳು ತಯಾರಾದದ್ದು ದೂರದ ಮಧ್ಯಪ್ರದೇಶದಲ್ಲಿ. ಹೆಸರು ಹಿಂದಿರುಗಿತು, ಯಾದವಗಿರಿಯ ಮನೆಗಳಿಗೆ ಸಂಬಳದ ದಿನವು ಹಿಂದಿರುಗಲಿಲ್ಲ. ಹಳೆಯ ಗಾಡಿಯನ್ನು ಒರೆಸಿ ಪ್ರೀತಿಯಿಂದ ಇಟ್ಟುಕೊಂಡವರ ಅಭಿಮಾನ ದೊಡ್ಡದೇ ಸರಿ. ಆದರೆ ಆ ಅಭಿಮಾನದಿಂದ ಯಾರ ಮನೆಯ ಒಲೆಯೂ ಉರಿಯದು.

ಕಾರ್ಖಾನೆಯ ಕೀರ್ತಿಯು ನಿಲ್ಲುವುದು ಅದು ತಯಾರಿಸುವ ಮನುಷ್ಯರಲ್ಲಿ. ಈ ದೃಷ್ಟಿಯಿಂದ ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಶಾಲೆಯು ಗಮನಾರ್ಹವಾದುದು. ಹತ್ತನೆಯ ತರಗತಿಯನ್ನು ಮುಗಿಸಿದ ಹಳ್ಳಿಯ ಬಡ ಮಕ್ಕಳು ಅಲ್ಲಿಯೇ ವಾಸವಾಗಿದ್ದು ಮೂರು ವರ್ಷ ವಿದ್ಯೆಯನ್ನು ಕಲಿಯುತ್ತಾರೆ. ಉಪಾಧ್ಯಾಯರಿಗೂ ದಾನಿಗಳಿಗೂ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಅನ್ನವನ್ನೂ ಆಶ್ರಯವನ್ನೂ ಅಕ್ಷರವನ್ನೂ ಒಂದೇ ಸೂರಿನಡಿ ಕೊಡುವ ಪರಿಪಾಟಿಯು ಈ ನಾಡಿನ ವಿದ್ಯಾರ್ಥಿನಿಲಯಗಳಲ್ಲಿ ಹಿಂದಿನಿಂದಲೂ ನಡೆದು ಬಂದಿದೆ.

ಅಂತಹ ಶಾಲೆಗಳಲ್ಲಿ ಕಲಿಸಬೇಕಾದ ಮೊದಲ ಪಾಠ ಯಾವುದು? ಲೆಕ್ಕ ತಪ್ಪಿದ ಹುಡುಗನು ಉತ್ತರವನ್ನು ಪಕ್ಕದವನ ಹಲಗೆಯಿಂದ ತಿದ್ದಿಕೊಂಡು ಮುಂದೆ ಓಡುವುದು ಸುಲಭ. ಎಲ್ಲಿ ತಪ್ಪಿತೆಂದು ಅಲ್ಲಿಯೇ ನಿಂತು ಹುಡುಕುವುದು ಕಷ್ಟ. ಹಾಗೆ ನಿಂತ ಹುಡುಗನನ್ನು ಮಂದಮತಿಯೆಂದು ಗದರದೆ, ಅವನ ಬಳಿ ಕುಳಿತು ತುಂಡಾದ ಎಳೆಯನ್ನು ಕೂಡಿಸಿಕೊಡುವ ಉಪಾಧ್ಯಾಯನಿದ್ದರೆ, ಸಕಿಚಿಯ ಮಗ್ಗವು ಕಲಿಸುವ ನೀತಿಯನ್ನು ಆ ತರಗತಿಯು ಆಗಲೇ ಅರಿತಿದೆಯೆಂದು ತಿಳಿಯಬೇಕು.